ಹಿಂದೆ ಸ್ಪ್ರಿಂಗ್ ಇಲ್ಲದ ಸೈಕಲ್

ಸೈಕಲ್ ಮನೆಗೆ ಬಂದ ದಿನ ನಾನು ಮೊದಲು ಮಾಡಿದ ಕೆಲಸ ಓಡಿಸಿದ್ದಲ್ಲ, ತೂಗಿದ್ದು. ಪ್ರಯಾಣದ ಪೆಟ್ಟಿಗೆ ತೂಗೋಕೆ ಕೊಕ್ಕೆ ಇರುವ ಪುಟ್ಟ ತಕ್ಕಡಿ ಬರುತ್ತಲ್ಲ, ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಸೀಟಿನ ಮೂತಿಗೆ ಕೊಕ್ಕೆ ಸಿಕ್ಕಿಸಿ, ಸೈಕಲ್ ತೂಗಾಡುವುದು ನಿಲ್ಲಲಿ ಅಂತ ಉಸಿರು ಹಿಡಿದು ಕಾದೆ. ಪೆಡಲ್ ಸೇರಿ 11.3 ಕಿಲೋ. ಇನ್ನೊಂದು ಸಲ ತೂಗಿದೆ. ಅಷ್ಟೇ ಬಂತು. ಆಮೇಲೆ ಮನೆಗೆ ಬಂದವರಿಗೆಲ್ಲ "ಎತ್ತಿ ನೋಡಿ" ಅನ್ನುವುದು ನನ್ನ ಚಾಳಿಯಾಯಿತು. ಎರಡು ಬೆರಳಲ್ಲಿ ಎತ್ತಿ "ಅಯ್ಯೋ, ಏನೂ ಇಲ್ವಲ್ಲ ಇದರಲ್ಲಿ!" ಅಂದರೆ ನನಗೆ ನನ್ನನ್ನೇ ಹೊಗಳಿದಷ್ಟು ಖುಷಿ.

ಕಲ್ಲುಮಣ್ಣಿನ ದಾರಿಗೆ ಮಾಡಿದ ಮೌಂಟನ್ ಸೈಕಲ್, ಅಲ್ಯೂಮಿನಿಯಂ ಫ್ರೇಮಿನ ಹಾರ್ಡ್‌ಟೇಲ್ ಅದು. ಮುಂದೆ ಮಾತ್ರ ಏಟು ನುಂಗುವ ಸಸ್ಪೆನ್ಷನ್ ಫೋರ್ಕು ಇರುತ್ತದೆ, ಹಿಂದಿನ ಚಕ್ರ ನೇರವಾಗಿ ಫ್ರೇಮಿಗೇ ಕಚ್ಚಿಕೊಂಡಿರುತ್ತದೆ. ನನ್ನದು 29 ಇಂಚಿನ ಚಕ್ರದ್ದು. ಮುಂದಿನ ಫೋರ್ಕು ಗಾಳಿ ತುಂಬುವಂಥದ್ದು, 100 ಮಿ.ಮೀ. ಕುಸಿಯುತ್ತದೆ. ಪೆಡಲ್ ಹತ್ತಿರ 32 ಹಲ್ಲಿನ ಒಂದೇ ಚೈನ್‌ರಿಂಗ್, ಹಿಂದೆ 10ರಿಂದ 51 ಹಲ್ಲಿನವರೆಗೆ 12 ಗೇರು. ಮುಂದಿನ ಗೇರು ಬದಲಿಸುವ ತಂತಿ, ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್, ಲಿವರ್ ಯಾವುದೂ ಇಲ್ಲ. ತೂಕ ಇಳಿದದ್ದರಲ್ಲಿ ಅದರ ಪಾಲೂ ಇದೆ.

ಕಾರ್ಬನ್ ನಾರಿನ ಫ್ರೇಮ್ ಯಾಕೆ ತಗೊಳ್ಳಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ದುಡ್ಡು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ನಾನು ಬೀಳುವವನು. ಕಲ್ಲಿಗೆ ಬಡಿದು ಅಲ್ಯೂಮಿನಿಯಂ ತಗ್ಗಾದರೆ ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಒಳಗೊಳಗೇ ಪದರ ಬಿಟ್ಟುಕೊಂಡಿದ್ದರೆ ಹೊರಗಿನಿಂದ ಗೊತ್ತಾಗದೆಯೂ ಇರಬಹುದು. ಬಿದ್ದ ಪ್ರತಿ ಸಲವೂ ಫ್ರೇಮಿಗೆ ಕಿವಿಯಿಟ್ಟು ಕುಟ್ಟಿ ನೋಡುವಷ್ಟು ತಾಳ್ಮೆ ನನಗಿಲ್ಲ.

ಕುಟ್ಟುವುದು ಅಂದ ಕೂಡಲೇ ನೆನಪಾಯಿತು. ಒಳ್ಳೆ ಅಲ್ಯೂಮಿನಿಯಂ ಫ್ರೇಮ್ ಸಿಕ್ಕಿದರೆ ಕೆಳಗಿನ ದಪ್ಪ ಕೊಳವೆಯನ್ನು ಉಗುರಿನಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಟಣ್ ಟಣ್ ಅಂತ ತಟ್ಟುತ್ತಾ ಹೋಗಿ. ನಡುವೆ ಬರುವ ಹೊತ್ತಿಗೆ ಸದ್ದು ಬದಲಾಗುತ್ತದೆ. ಕೊಳವೆಯ ಗೋಡೆ ತುದಿಗಳಲ್ಲಿ ದಪ್ಪ, ನಡುವೆ ತೆಳು. ಇದಕ್ಕೆ ಬಟೆಡ್ ಟ್ಯೂಬ್ ಅಂತಾರೆ. ಬೆಸುಗೆ ಬೀಳುವುದು ತುದಿಯಲ್ಲಿ, ಜೋರು ಬೀಳುವುದೂ ಅಲ್ಲೇ, ನಡುವೆ ಅಷ್ಟು ಲೋಹ ಬೇಕಿಲ್ಲ. ಹಗುರ ಫ್ರೇಮು ಹಗುರಾಗುವುದು ಮುಖ್ಯವಾಗಿ ಇಲ್ಲೇ.

ಕೊಳವೆ ಇಷ್ಟು ದಪ್ಪಗೆ ಯಾಕಿರುತ್ತದೆ ಅನ್ನುವುದು ನನಗೆ ಬಹಳ ದಿನ ಕಾಡಿದ ಪ್ರಶ್ನೆ. ಹಗುರ ಸೈಕಲ್ ಅಂದರೆ ಸಣಕಲು ಕಡ್ಡಿಯ ಹಾಗಿರಬೇಕಲ್ವಾ? ಅಲ್ಯೂಮಿನಿಯಂ ತೂಕ ಉಕ್ಕಿನ ಸುಮಾರು ಮೂರನೇ ಒಂದು ಪಾಲು. ಆದರೆ ಅದರ ಬಿಗಿಯೂ ಉಕ್ಕಿನ ಮೂರನೇ ಒಂದು ಪಾಲೇ. ಉಕ್ಕಿನ ಸೈಕಲ್ಲಿನ ಅಳತೆಯಲ್ಲೇ ಅಲ್ಯೂಮಿನಿಯಂ ಕೊಳವೆ ಹಾಕಿದರೆ ಅದು ತುಳಿದಾಗ ಬಳುಕುತ್ತದೆ. ಇಲ್ಲಿ ಒಂದು ಮಜಾ ಇದೆ: ಗೋಡೆಯ ದಪ್ಪ ಅಷ್ಟೇ ಇಟ್ಟು ಕೊಳವೆಯ ಅಗಲವನ್ನು ಎರಡು ಪಟ್ಟು ಮಾಡಿದರೆ ತೂಕ ಎರಡು ಪಟ್ಟಾಗುತ್ತದೆ, ಬಿಗಿ ಮಾತ್ರ ಎಂಟು ಪಟ್ಟಾಗುತ್ತದೆ. ಅಮೆರಿಕದ ಗ್ಯಾರಿ ಕ್ಲೈನ್ 1970ರ ದಶಕದಲ್ಲಿ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುವಾಗ ಈ ಲೆಕ್ಕ ಹಿಡಿದೇ ದಪ್ಪ ಕೊಳವೆಯ ಫ್ರೇಮ್ ಮಾಡಲು ಹೊರಟರು. ಚಾರ್ಲಿ ಕನಿಂಗ್‌ಹ್ಯಾಮ್ 1979ರಲ್ಲಿ ಅಲ್ಯೂಮಿನಿಯಂ ಮೌಂಟನ್ ಸೈಕಲ್ ಕಟ್ಟಿದರು. ಕ್ಯಾನನ್‌ಡೇಲ್ ಕಂಪನಿ 1983ರಲ್ಲಿ ದಪ್ಪ ಕೊಳವೆಯ ಸೈಕಲ್ ಮಾರತೊಡಗಿತು. ಈಗ ನಮಗೆ ಆ ಆಕಾರ ಮಾಮೂಲಿ. ಆಗಿನವರಿಗೆ ಮೋರಿಗೆ ಹಾಕುವ ಪೈಪಿಗೆ ಚಕ್ರ ಕಟ್ಟಿದ ಹಾಗೆ ಕಂಡಿರಬೇಕು.

ಫ್ರೇಮಿನ ಮೇಲೆ 6061 ಅಂತ ಒಂದು ಸ್ಟಿಕ್ಕರ್ ಇದೆ. ಮೆಗ್ನೀಷಿಯಂ, ಸಿಲಿಕಾನ್ ಬೆರೆತ ಅಲ್ಯೂಮಿನಿಯಂ. ಇದನ್ನು ಬೆಸೆದಾಗ ಬೆಸುಗೆಯ ಅಕ್ಕಪಕ್ಕದ ಲೋಹ ಮೆತ್ತಗಾಗುತ್ತದೆ. ಅದಕ್ಕೇ ಇಡೀ ಫ್ರೇಮನ್ನು ಸುಮಾರು 530 ಡಿಗ್ರಿಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಗಟ್ಟಿ ಮಾಡುತ್ತಾರೆ. 6061ರ ಕೊನೆಗೆ ಸೇರಿಸಿ ಬರೆಯುವ ಟಿ6 ಅಂದರೆ ಇದೇ. ಫ್ರೇಮ್ ಮುರಿದರೆ ಯಾರೋ ಬೆಸುಗೆ ಹಾಕಿ ಕೊಡ್ತಾರೆ ಅಂತ ಹೇಳುವವರ ಮಾತು ಕೇಳಬೇಡಿ. ಬೆಸುಗೆ ಹಾಕಬಹುದು, ಆಮೇಲೆ ಹಾಗೆ ಕಾಯಿಸಿ ಗಟ್ಟಿ ಮಾಡುವವರು ಯಾರು?

ಸರಿ, ಓಡಿಸುವ ಮಾತಿಗೆ ಬರೋಣ.

ಮೊದಲ ತಿಂಗಳು ನನಗೆ ನಿಜವಾಗಲೂ ಬೇಸರವಾಗಿತ್ತು. ಟಾರು ರಸ್ತೆಯಲ್ಲಿ ಹಾರುತ್ತದೆ, ಏರಿನಲ್ಲಿ ತುಳಿದಷ್ಟೂ ಮುಂದೆ ಹೋಗುತ್ತದೆ, ಆದರೆ ಕಲ್ಲು ಬೇರುಗಳ ಕಾಲುದಾರಿಗೆ ಇಳಿದರೆ ಸಾಕು, ಹಲ್ಲು ಕಟಕಟ. ಎರಡು ಗಂಟೆ ಓಡಿಸಿ ಬಂದರೆ ಸೊಂಟ ನನ್ನದಲ್ಲ. "ಅಲ್ಯೂಮಿನಿಯಂ ಅಂದರೆ ಹಾಗೇ, ಗಡಸು, ಉಕ್ಕಿನ ಹಾಗೆ ಮೈ ಬಳುಕಿಸಲ್ಲ" ಅಂತ ಒಬ್ಬ ಗೆಳೆಯ ತೀರ್ಪು ಕೊಟ್ಟ. ನಾನೂ ನಂಬಿದೆ. ಲೋಹವನ್ನು ಬೈಯುವುದು ಸುಲಭ ನೋಡಿ.

ಆಮೇಲೆ ಒಂದು ದಿನ ಟೈರಿಗೆ ಎಷ್ಟು ಗಾಳಿ ಇದೆ ಅಂತ ಅಳೆದರೆ 42 ಪಿಎಸ್‌ಐ. ಬಾಲ್ಯದಿಂದಲೂ ಬೆರಳಲ್ಲಿ ಒತ್ತಿ ಕಲ್ಲಿನ ಹಾಗಾಗುವವರೆಗೆ ಗಾಳಿ ಹೊಡೆದು ಅಭ್ಯಾಸ, ಅದನ್ನೇ ಇಲ್ಲೂ ಮಾಡಿದ್ದೆ! ಫ್ರೇಮಿನ ಹಿಂದಿನ ತ್ರಿಕೋನ ಮೇಲಕ್ಕೂ ಕೆಳಕ್ಕೂ ಬಳುಕುವುದು ಅಂದರೆ ಅಬ್ಬಬ್ಬಾ ಅಂದರೆ ಒಂದೆರಡು ಮಿ.ಮೀ. ಇದ್ದೀತು. 2.35 ಇಂಚಿನ ಟೈರು ಮನಸ್ಸು ಮಾಡಿದರೆ ಅದರ ಹತ್ತು ಪಟ್ಟು ಕುಸಿಯಬಲ್ಲದು. ಅದನ್ನು ಕಲ್ಲು ಮಾಡಿಟ್ಟು ಫ್ರೇಮನ್ನು ಬೈಯುತ್ತಿದ್ದೆ ನಾನು. ಟ್ಯೂಬ್ ಕಿತ್ತು ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ತೂತು ಮುಚ್ಚುವ ದ್ರವ, ಅಂದರೆ ಸೀಲೆಂಟ್ ಹುಯ್ದು, ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದೆ. ಈಗ ಮುಂದೆ 21, ಹಿಂದೆ 24. ನನ್ನ ತೂಕ 72 ಕಿಲೋ, ನಿಮ್ಮದು ಬೇರೆ ಇದ್ದರೆ ಅಂಕಿಯೂ ಬೇರೆ ಆಗುತ್ತದೆ. ಹಿಂದಿನದು ಯಾವಾಗಲೂ ಎರಡು ಮೂರು ಜಾಸ್ತಿ ಇರಲಿ, ಯಾಕಂದರೆ ಕಲ್ಲಿನ ಏಟು ನೇರ ತಿನ್ನುವುದು ಅದೇ. ಬೇರೆ ಏನನ್ನೂ ಬದಲಿಸಲಿಲ್ಲ. ಮರುದಿನ ಅದೇ ದಾರಿಯಲ್ಲಿ ಹೋಗಿ ಬಂದೆ, ಯಾರೋ ರಾತ್ರೋರಾತ್ರಿ ಬೇರುಗಳನ್ನೆಲ್ಲ ಅರ್ಧ ಕೆತ್ತಿ ಇಟ್ಟಿದ್ದಾರೇನೋ ಅನ್ನಿಸಿತು.

ಹಾಗಂತ ಹಾರ್ಡ್‌ಟೇಲ್ ಮೆತ್ತನೆ ಹಾಸಿಗೆಯಾಗಿಬಿಡುವುದಿಲ್ಲ. ಹಿಂದಿನ ಸಸ್ಪೆನ್ಷನ್ ನಿಮ್ಮ ಮೊಣಕಾಲು. ಇದನ್ನು ಯಾರು ಬೇಕಾದರೂ ಹೇಳುತ್ತಾರೆ, ನಾನೂ ಕೇಳಿ ತಲೆಯಾಡಿಸಿದ್ದೆ, ಆದರೆ ಅರ್ಥವಾಗಿದ್ದು ಬಹಳ ತಡವಾಗಿ. ಸೀಟಿನಿಂದ ಒಂದು ಗೇಣು ಮೇಲೆದ್ದು, ಎರಡೂ ಪೆಡಲ್ ನೆಲಕ್ಕೆ ಸಮನಾಗಿಟ್ಟು, ಹಿಮ್ಮಡಿ ಸ್ವಲ್ಪ ಇಳಿಸಿ, ಮೊಣಕಾಲು ಸಡಿಲ ಬಿಟ್ಟು ನಿಂತರೆ ಹಿಂದಿನ ಚಕ್ರ ಕೆಳಗೆ ಕುಣಿಯುತ್ತಿರುತ್ತದೆ, ನೀವು ಮೇಲೆ ಆರಾಮಾಗಿರುತ್ತೀರಿ. ಕಾಲು ಬಿಗಿ ಮಾಡಿದಿರೋ, ಅದು ನಿಮ್ಮನ್ನೂ ಕುಣಿಸುತ್ತದೆ. ತಪ್ಪು ಜಾಗದಲ್ಲಿ ಚಕ್ರ ಇಟ್ಟರೆ ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇರುವ ಫುಲ್ ಸಸ್ಪೆನ್ಷನ್ ಸೈಕಲ್ ಹೋಗಲಿ ಬಿಡು ಅನ್ನುತ್ತದೆ. ಇದು ತಕ್ಷಣ ಕಿವಿ ಹಿಂಡುತ್ತದೆ. ಅದಕ್ಕೇ ನಾನೀಗ ಮುಂದಿನ ಚಕ್ರದ ಮುಂದೆ ನೋಡುವುದು ಬಿಟ್ಟು ಹತ್ತು ಹದಿನೈದು ಅಡಿ ಆಚೆ ನೋಡುತ್ತೇನೆ. ಎಲ್ಲಿ ಬೇರು ಅಡ್ಡ ಬಿದ್ದಿದೆ, ಎಲ್ಲಿ ಎರಡು ಕಲ್ಲಿನ ನಡುವೆ ಮಣ್ಣಿದೆ ಅಂತ ಕಣ್ಣು ತಾನಾಗಿ ಹುಡುಕುತ್ತದೆ.

ಬ್ರೇಕಿನದೂ ಒಂದು ಪಾಠ. ಉಬ್ಬುತಗ್ಗಿನ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಹಿಡಿದೇ ಇದ್ದರೆ ಹಾರ್ಡ್‌ಟೇಲಿನ ಹಿಂದಿನ ಚಕ್ರ ಪುಟಿಪುಟಿದು ಜಾರುತ್ತದೆ, ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕ್ ಹಿಡಿದು ಏನು ಪ್ರಯೋಜನ? ಉಬ್ಬುತಗ್ಗು ಬರುವ ಮುಂಚೆಯೇ, ನೆಲ ನಯವಾಗಿರುವಲ್ಲಿ, ವೇಗ ಇಳಿಸಿಕೊಳ್ಳಬೇಕು. ಕಲ್ಲುಗಳ ಮೇಲೆ ಬ್ರೇಕ್ ಬಿಟ್ಟು ಚಕ್ರವನ್ನು ಉರುಳಲು ಬಿಡಬೇಕು. ಹೇಳುವುದು ಸುಲಭ, ಬೆರಳು ಕೇಳಬೇಕಲ್ಲ.

ಹ್ಯಾಂಡಲ್ ಮೇಲಿಂದ ಹಾರಿದ್ದು ಒಮ್ಮೆ ಮಾತ್ರ, ಅದಕ್ಕೆ ಕಾರಣ ನನ್ನ ಅತಿ ಜಾಣತನ. ಫೋರ್ಕು ಪೂರ್ತಿ 100 ಮಿ.ಮೀ. ಕುಸಿಯುತ್ತಿಲ್ಲ, ಅರುವತ್ತಕ್ಕೇ ನಿಲ್ಲುತ್ತಿದೆ ಅಂತ ಗಾಳಿ ಇಳಿಸಿದೆ, ಇನ್ನೂ ಇಳಿಸಿದೆ, ಸುಮ್ನೆ ನಿಂತರೇ ಕಾಲುಭಾಗಕ್ಕಿಂತ ಜಾಸ್ತಿ ಕುಸಿಯುವಷ್ಟು ಇಳಿಸಿದೆ. ಹಾರ್ಡ್‌ಟೇಲಿನಲ್ಲಿ ಕುಸಿಯುವುದು ಮುಂದಿನ ತುದಿ ಒಂದೇ ಅನ್ನುವುದನ್ನು ಮರೆತಿದ್ದೆ. ಎರಡೂ ಕಡೆ ಸ್ಪ್ರಿಂಗ್ ಇದ್ದರೆ ಸೈಕಲ್ ಒಟ್ಟಿಗೆ ತಗ್ಗುತ್ತದೆ. ಇಲ್ಲಿ ಮೂತಿ ಮಾತ್ರ ತಗ್ಗುತ್ತದೆ. ಫೋರ್ಕು 20 ಮಿ.ಮೀ. ಕುಸಿದರೆ ಅದರ ಓರೆ ಹೆಚ್ಚುಕಡಿಮೆ ಒಂದು ಡಿಗ್ರಿ ನೆಟ್ಟಗಾಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಒತ್ತಿದೆ, ಫೋರ್ಕು ಪೂರ್ತಿ ಮುಳುಗಿತು, ನಾನು ಮೇಲಿಂದ ಹಾಯಾಗಿ ಹಾರಿ ಪೊದೆಯಲ್ಲಿ ಬಿದ್ದೆ. ಈಗ ಸವಾರಿಯ ಬಟ್ಟೆ ಹಾಕಿ, ನೀರಿನ ಚೀಲ ಬೆನ್ನಿಗೇರಿಸಿ ನಿಂತಾಗ 20 ಮಿ.ಮೀ. ಕುಸಿಯುವ ಹಾಗೆ ಇಟ್ಟಿದ್ದೇನೆ. ಪೂರ್ತಿ 100 ಬಳಸುವುದು ತಿಂಗಳಿಗೊಮ್ಮೆ, ತಪ್ಪು ಮಾಡಿದಾಗ. ಹಾಗೇ ಇರಲಿ.

ಏರು ಮಾತ್ರ ಇದರ ತವರುಮನೆ. ತುಳಿದ ಜೋರು ಎಲ್ಲೂ ಸೋರುವುದಿಲ್ಲ. ಎದ್ದು ನಿಂತು ತುಳಿದರೆ ಬೆನ್ನು ತಟ್ಟಿದ ಹಾಗೆ ಮುಂದಕ್ಕೆ ಜಿಗಿಯುತ್ತದೆ. ಆದರೆ ಸಡಿಲ ಜಲ್ಲಿಯ ಏರಿನಲ್ಲಿ ಎದ್ದು ನಿಲ್ಲಬೇಡಿ, ಹಿಂದಿನ ಚಕ್ರದ ಮೇಲಿನ ಭಾರ ತಪ್ಪಿ ಅಲ್ಲೇ ಗಿರ್ರಂತ ಸುತ್ತುತ್ತದೆ. ಸೀಟಿನ ಮೂತಿಗೆ ಜಾರಿ ಕೂತು, ಎದೆ ತಗ್ಗಿಸಿ, ಹಗುರ ಗೇರಿನಲ್ಲಿ ಸಮನಾಗಿ ತುಳಿಯಬೇಕು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಸೈಕಲ್ ಓಟದಲ್ಲಿ ಯಾರೊಸ್ಲಾವ್ ಕುಲ್ಹಾವಿ ಫುಲ್ ಸಸ್ಪೆನ್ಷನ್ ಸೈಕಲ್ ಮೇಲೆ ಚಿನ್ನ ಗೆದ್ದರು. ಹಾರ್ಡ್‌ಟೇಲ್ ಮೇಲಿದ್ದ ನಿನೋ ಶುರ್ಟರ್ ಹಿಂದೆ ಬಿದ್ದದ್ದು ಒಂದೇ ಒಂದು ಸೆಕೆಂಡ್. ಫುಲ್ ಸಸ್ಪೆನ್ಷನ್ ಗೆಳೆಯರು ಜಾಸ್ತಿ ಮಾತಾಡಿದಾಗ ನಾನು ಆ ಒಂದು ಸೆಕೆಂಡನ್ನು ಎತ್ತುತ್ತೇನೆ. ಅಲ್ಲಿ ಓಡಿಸಿದ್ದು ವಿಶ್ವ ಚಾಂಪಿಯನ್ ಶುರ್ಟರ್, ನನ್ನಂಥವನಲ್ಲ ಅನ್ನುವುದನ್ನು ಬೇಕಂತಲೇ ನುಂಗಿಬಿಡುತ್ತೇನೆ.

ಈಗ ನಾಚಿಕೆಯ ವಿಷಯ. ತಕ್ಕಡಿ ಹಿಡಿದವನು ಸುಮ್ಮನೆ ಕೂರುತ್ತಾನಾ? 11.3 ಸಾಲದು ಅನ್ನಿಸಿತು. ರಬ್ಬರ್ ಗ್ರಿಪ್ ತೆಗೆದು ಫೋಮ್ ಗ್ರಿಪ್ ಹಾಕಿದೆ. ಬಾಟಲಿ ಸಿಕ್ಕಿಸುವ ಕೇಜ್ ಬಿಚ್ಚಿದೆ. ಸೀಟ್ ಪೋಸ್ಟ್ ಉದ್ದ ಜಾಸ್ತಿ ಇದೆ ಅಂತ ಕೊಯ್ಯಿಸಿದೆ. ಆಮೇಲೆ ಪಕ್ಕದ ಗೋಡೆ ಕಾಗದದಷ್ಟು ತೆಳುವಾದ ಟೈರು ತಂದು ಹಾಕಿದೆ. 10.8 ಕಿಲೋ! ಎರಡನೇ ಸವಾರಿಯಲ್ಲೇ ಚೂಪು ಕಲ್ಲೊಂದು ಹಿಂದಿನ ಟೈರಿನ ಪಕ್ಕವನ್ನು ಎರಡು ಬೆರಳು ಅಗಲ ಸೀಳಿತು. ಸೀಲೆಂಟ್ ಪಿಚಕಾರಿಯ ಹಾಗೆ ಚಿಮ್ಮಿ ನನ್ನ ಬೆನ್ನೆಲ್ಲ ಬಿಳಿ. ಅಂಥ ಸೀಳಿಗೆ ಸೀಲೆಂಟ್ ನಿಲ್ಲುವುದಿಲ್ಲ. ಹಗುರಾಗಲಿ ಅಂತ ಬದಲಿ ಟ್ಯೂಬನ್ನೂ ಮನೆಯಲ್ಲೇ ಬಿಟ್ಟಿದ್ದೆ. ಆರು ಕಿಲೋಮೀಟರ್ ನಡೆದೆ, ಒಂದಷ್ಟು ದೂರ ಸೈಕಲನ್ನು ಹೆಗಲ ಮೇಲೆ ಹೊತ್ತು. ಹೊರುವಾಗ ಹಗುರ ಅನ್ನಿಸಿದ್ದು ನಿಜ, ಅಷ್ಟರಮಟ್ಟಿಗೆ ಖರ್ಚು ವಸೂಲಾಯಿತು.

ನಡೆಯುತ್ತಾ ಲೆಕ್ಕ ಹಾಕಿದೆ. ನಾನು 72, ಸೈಕಲ್ 11, ನೀರು ಬಟ್ಟೆ ಹೆಲ್ಮೆಟ್ ಎಲ್ಲ ಸೇರಿ ಇನ್ನೊಂದು ಮೂರು, ಒಟ್ಟು 86 ಕಿಲೋ. ಅರ್ಧ ಕಿಲೋ ಇಳಿಸಿದರೆ ಶೇಕಡಾ ಸುಮಾರು 0.6ರಷ್ಟು ಉಳಿಯಿತು ಅಂತಿಟ್ಟುಕೊಳ್ಳಿ. ಅರ್ಧ ಗಂಟೆಯ ಕಡಿದಾದ ಏರಿನಲ್ಲಿ ಅದು ಉಳಿಸುವುದು ಹತ್ತು ಸೆಕೆಂಡ್. ಹತ್ತು ಸೆಕೆಂಡ್ ಉಳಿಸಲು ಹೋಗಿ ಒಂದೂವರೆ ಗಂಟೆ ನಡೆದೆ.

ಆದರೆ ಹಗುರ ಸೈಕಲ್ ಸುಳ್ಳು ಅಂತ ನಾನು ಹೇಳುವುದಿಲ್ಲ. ಗಡಿಯಾರದಲ್ಲಿ ಕಾಣದ್ದು ಕೈಗೆ ಕಾಣುತ್ತದೆ. ಅಡ್ಡ ಬಿದ್ದ ಮರದ ಮೇಲೆ ಮುಂದಿನ ಚಕ್ರ ಎತ್ತಿ ಹಾಕುವಾಗ, ತಿರುವಿನಲ್ಲಿ ಹಿಂಭಾಗವನ್ನು ಸೊಂಟದಿಂದ ತಳ್ಳುವಾಗ, ಮೆಟ್ಟಿಲು ಹತ್ತಿಸಿ ಒಳಗೆ ತರುವಾಗ ಗೊತ್ತಾಗುತ್ತದೆ. ಸುತ್ತುವ ಭಾಗದ ತೂಕ, ಅಂದರೆ ಟೈರು ರಿಮ್ಮು, ವೇಗ ಹೆಚ್ಚಿಸುವಾಗ ಹೆಚ್ಚುಕಡಿಮೆ ಎರಡರಷ್ಟು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ತೂಕ ಇಳಿಸಲೇಬೇಕು ಅನ್ನುವ ಹಟ ಇದ್ದರೆ ರಿಮ್ಮಿನಲ್ಲಿ ಇಳಿಸಿ. ಟೈರಿನ ಗೋಡೆಯಲ್ಲಿ ಬೇಡ.

ಸಾಕುವ ಕಷ್ಟ ಸುಖ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಹಾರ್ಡ್‌ಟೇಲಿನಲ್ಲಿ ಹಿಂದೆ ಕೀಲಿಲ್ಲ, ಬೇರಿಂಗ್ ಇಲ್ಲ, ಶಾಕ್ ಇಲ್ಲ, ಹಾಗಾಗಿ ಕೆಲಸ ನಿಜಕ್ಕೂ ಕಡಿಮೆ. ಫೋರ್ಕಿನ ಕೆಳಭಾಗ ಬಿಚ್ಚಿ ಎಣ್ಣೆ ಬದಲಿಸುವುದು ಸುಮಾರು 50 ಗಂಟೆ ಓಡಿಸಿದ ಮೇಲೆ. ಚೈನು ಸವೆದು ಶೇಕಡಾ 0.5ರಷ್ಟು ಉದ್ದವಾದರೆ ಬದಲಿಸಿಬಿಡಿ, ಇಲ್ಲದಿದ್ದರೆ ಅದು ಹಿಂದಿನ ಗೇರುಗಳ ಗೊಂಚಲಾದ ಕ್ಯಾಸೆಟ್ಟನ್ನೂ ತಿನ್ನುತ್ತದೆ. ಸೀಲೆಂಟ್ ಕೆಲವು ತಿಂಗಳಿಗೆ ಒಣಗಿ ಹೋಗುತ್ತದೆ, ಟೈರನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಕಲಕಿದ ಸದ್ದು ಬರಬೇಕು.

ಅಲ್ಯೂಮಿನಿಯಂಗೇ ಸೇರಿದ ಎರಡು ಮೂರು ತಲೆನೋವು ಇವೆ. ಒಂದು, ಸದ್ದು. ದಪ್ಪ ಕೊಳವೆ, ತೆಳು ಗೋಡೆ, ಒಳಗೆಲ್ಲ ಟೊಳ್ಳು: ನೀವು ಓಡಿಸುತ್ತಿರುವುದು ಒಂದು ತಮಟೆ. ಎಲ್ಲೋ ಹುಟ್ಟಿದ ಸಣ್ಣ ಸದ್ದು ಇನ್ನೆಲ್ಲೋ ದೊಡ್ಡದಾಗಿ ಕೇಳಿಸುತ್ತದೆ. ನನ್ನದು ಪ್ರತಿ ಸಲ ಬಲಗಾಲು ತುಳಿದಾಗ ಟಿಕ್ ಅನ್ನುತ್ತಿತ್ತು. ಪೆಡಲ್ ಬಿಚ್ಚಿ ಗ್ರೀಸ್ ಹಚ್ಚಿದೆ, ಟಿಕ್. ಅಂಗಡಿಗೆ ಒಯ್ದರೆ ಪೆಡಲ್ ಅಚ್ಚು ತಿರುಗುವ ಬೇರಿಂಗ್, ಬಾಟಮ್ ಬ್ರಾಕೆಟ್ ಹೋಗಿದೆ ಅಂತ ಹೊಸದು ಹಾಕಿಕೊಟ್ಟರು, ಟಿಕ್. ಎದ್ದು ನಿಂತು ತುಳಿದರೂ ಬರುತ್ತಿತ್ತು, ಹಾಗಾಗಿ ಸೀಟಿನದ್ದಲ್ಲ. ಮೂರು ವಾರ ತಲೆ ಕೆಡಿಸಿಕೊಂಡ ಮೇಲೆ ಹಿಂದಿನ ಚಕ್ರದ ಆಕ್ಸಲ್ ಎಳೆದು ನೋಡಿದರೆ ಒಣಗಿ ಧೂಳು ಹಿಡಿದಿತ್ತು. ಒರೆಸಿ, ಬೆರಳ ತುದಿಯಷ್ಟು ಗ್ರೀಸ್ ಸವರಿ ಹಾಕಿದೆ. ನಿಶ್ಶಬ್ದ. ಸದ್ದು ಹುಟ್ಟಿದ್ದು ಹಿಂದೆ, ಕೇಳಿಸಿದ್ದು ಕಾಲಡಿ!

ಇನ್ನೊಂದು, ಸೀಟ್ ಪೋಸ್ಟ್. ಬೆವರು, ಮಳೆ ನೀರು ಇಳಿದು ಪೋಸ್ಟು ಫ್ರೇಮಿನೊಳಗೇ ಕಚ್ಚಿಕೊಂಡರೆ ಅದನ್ನು ಬಿಡಿಸುವುದು ದೇವರಿಗೇ ಪ್ರೀತಿ. ಆರು ತಿಂಗಳಿಗೊಮ್ಮೆ ಹೊರಗೆಳೆದು ಒರೆಸಿ ಗ್ರೀಸ್ ಹಚ್ಚಿ. ಪೋಸ್ಟು ಕಾರ್ಬನ್ನಿನದಾದರೆ ಗ್ರೀಸ್ ಬೇಡ, ಅದಕ್ಕೇ ಅಂತ ಒರಟು ಪೇಸ್ಟ್ ಸಿಗುತ್ತದೆ. ಬೋಲ್ಟುಗಳನ್ನು ರಟ್ಟೆಯ ಬಲದಲ್ಲಿ ಬಿಗಿಯಬೇಡಿ, ಹ್ಯಾಂಡಲ್ ಹಿಡಿದಿಡುವ ಸ್ಟೆಮ್ಮಿನ ಬೋಲ್ಟಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಸಾಕು. ಬೋಲ್ಟು ಕೂರುವ ಅಲ್ಯೂಮಿನಿಯಂ ತೂತಿನ ಎಳೆ ಸವೆಯುವಾಗ ಮೊದಲು ಬೆಣ್ಣೆಯ ಹಾಗೆ ಹಾಯಾಗಿ ತಿರುಗುತ್ತದೆ. ಅಯ್ಯೋ ಅನ್ನುವಷ್ಟರಲ್ಲಿ ಕಥೆ ಮುಗಿದಿರುತ್ತದೆ.

ಗೇರಿನ ಡಿರೈಲರ್ ನೇತಾಡುವ ಹ್ಯಾಂಗರ್ ಅನ್ನುವ ಪುಟ್ಟ ತುಂಡು ಬೇಕಂತಲೇ ಮೆತ್ತಗೆ ಮಾಡಿರುತ್ತಾರೆ, ಬಿದ್ದಾಗ ಫ್ರೇಮ್ ಉಳಿದು ಅದು ಬಾಗಲಿ ಅಂತ. ಹಿಂದೆ ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ್ದು, ಹುಡುಕಿ ಸಾಕಾಗುತ್ತಿತ್ತು. 2019ರಲ್ಲಿ ಬಿಡಿಭಾಗ ಮಾಡುವ ಸ್ರಾಮ್ ಕಂಪನಿ ಬೇರೆ ಬೇರೆ ಕಂಪನಿಗಳ ಫ್ರೇಮಿಗೂ ಹೊಂದುವಂಥ ಒಂದೇ ಮಾದರಿ ತಂದಮೇಲೆ ಎಷ್ಟೋ ವಾಸಿ. ನನ್ನ ಫ್ರೇಮು ಅದಕ್ಕಿಂತ ಹಳೆಯ ಮಾದರಿಯದ್ದು. ಒಮ್ಮೆ ಬಲಕ್ಕೆ ಮೆಲ್ಲಗೆ ವಾಲಿ ಬಿದ್ದದ್ದಷ್ಟೇ, ಹ್ಯಾಂಗರ್ ಒಳಕ್ಕೆ ಬಾಗಿತ್ತು. ನೋಡದೆ ಹತ್ತಿ ದೊಡ್ಡ ಗೇರಿಗೆ ಹಾಕಿದೆ, ಡಿರೈಲರ್ ಸೀದಾ ಸ್ಪೋಕಿನೊಳಗೆ ಹೋಗಿ ಕೂತಿತು. ಈಗ ಎರಡು ಬದಲಿ ಹ್ಯಾಂಗರ್ ಇಟ್ಟುಕೊಂಡಿದ್ದೇನೆ, ಒಂದು ಮನೆಯಲ್ಲಿ, ಒಂದು ಫ್ರೇಮಿಗೆ ಕಟ್ಟಿದ ಚೀಲದಲ್ಲಿ.

ತೊಳೆಯುವಾಗ ಬೆಸುಗೆಗಳ ಮೇಲೆ ಬೆರಳಾಡಿಸುವುದು ಅಭ್ಯಾಸವಾಗಿದೆ. ಅಲ್ಯೂಮಿನಿಯಂ ಸಣ್ಣ ಸಣ್ಣ ಏಟನ್ನೂ ನೆನಪಿಟ್ಟುಕೊಳ್ಳುವ ಲೋಹ, ಇಷ್ಟರೊಳಗೆ ಬಳುಕಿಸಿದರೆ ಎಂದೂ ಬಿರುಕು ಬಿಡದು ಅನ್ನುವ ಮಿತಿ ಅದಕ್ಕಿಲ್ಲ. ಹ್ಯಾಂಡಲ್ ಕೆಳಗಿನ ಕೂಡು, ಸೀಟ್ ಪೋಸ್ಟ್ ಇಳಿಯುವ ಬಾಯಿ, ಪೆಡಲ್ ಬಳಿಯ ಕೂಡು, ಈ ಮೂರು ಕಡೆ ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಇದುವರೆಗೆ ಕಂಡಿಲ್ಲ. ಒಂದು ಸಲ ಕಂಡ ಹಾಗಾಗಿ ಎದೆ ಧಸಕ್ಕೆಂದಿತು, ಒರೆಸಿದರೆ ಬಂತು, ಕೂದಲೇ.

ಮೊನ್ನೆ ಇನ್ನೇನೋ ಹುಡುಕುವಾಗ ಆ ಕೊಕ್ಕೆ ತಕ್ಕಡಿ ಸಿಕ್ಕಿತು. ಸೈಕಲ್ ಅಲ್ಲೇ ಒರಗಿತ್ತು, ಸುಮ್ನೆ ತೂಗಿದೆ. ಗಟ್ಟಿ ಗೋಡೆಯ ಟೈರು, ಇಳಿಜಾರಿನಲ್ಲಿ ಸೀಟು ಗುಂಡಿ ಒತ್ತಿ ಇಳಿಸುವ ಡ್ರಾಪರ್ ಪೋಸ್ಟು, ಮತ್ತೆ ಜಾಗಕ್ಕೆ ಬಂದ ಬಾಟಲಿ ಕೇಜ್, ಬದಲಿ ಟ್ಯೂಬು, ಪಂಪು, ಹ್ಯಾಂಗರ್ ಇರುವ ಚೀಲ, ಹಳೆಯ ರಬ್ಬರ್ ಗ್ರಿಪ್. 12.2 ಕಿಲೋ. ಕೆಳಗಿನ ಕೊಳವೆಗೆ ಹೋದ ವಾರದ ಕೆಸರೂ ಒಂದಷ್ಟು ಅಂಟಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.